ಕೂಸನ್ನು ಒಪ್ಪಿಸುವ ಮುನ್ನ

ಸಂತೆಯಲ್ಲಿ ಒಂದು ಮಣ್ಣಿನ ಮಡಕೆಯನ್ನು ಕೊಳ್ಳುವಾಗಲೂ ನಮ್ಮ ಗೃಹಿಣಿಯರು ಅದನ್ನು ಬೆರಳ ಗೆಣ್ಣಿನಿಂದ ಎರಡು ಬಾರಿ ತಟ್ಟಿ, ಕಿವಿಗೊಟ್ಟು ಕೇಳಿ, ಬಿರುಕಿಲ್ಲವೆಂದು ಮನದಟ್ಟಾದ ಮೇಲೆಯೇ ಹಣವನ್ನು ತೆರುವರು. ಸೀರೆಯನ್ನು ಬೆಳಕಿಗೆ ಹಿಡಿದು ನೂಲನ್ನು ಪರೀಕ್ಷಿಸುವರು. ಅಕ್ಕಿಯ ಕಾಳನ್ನು ಹಲ್ಲಿನಲ್ಲಿ ಕಡಿದು ಹೊಸದೋ ಹಳೆಯದೋ ಎಂದು ನಿರ್ಣಯಿಸುವರು. ಇಷ್ಟು ಜಾಗರೂಕರಾದವರೇ, ದಿನಕ್ಕೆ ಹತ್ತು ಹನ್ನೆರಡು ಗಂಟೆಗಳ ಕಾಲ ತಮ್ಮ ಕೂಸನ್ನು ಯಾರ ಮಡಿಲಿಗೆ ಒಪ್ಪಿಸಬೇಕಾಗಿದೆಯೋ ಅಂತಹ ಆಯಮ್ಮನನ್ನು ಗೊತ್ತುಮಾಡುವಾಗ ಮಾತ್ರ, ಹೊಸ್ತಿಲಲ್ಲಿ ನಿಂತು ಎರಡು ಪ್ರಶ್ನೆಗಳಲ್ಲಿ ಎಲ್ಲವನ್ನೂ ಮುಗಿಸಿಬಿಡುವುದುಂಟು. “ಸಂಬಳವೆಷ್ಟು ಬೇಕು? ನಾಳೆಯಿಂದ ಬರುವೆಯಾ?” ಎಂಬುವೇ ಆ ಎರಡು ಪ್ರಶ್ನೆಗಳು. ಮಿಕ್ಕುದನ್ನು ದೈವಕ್ಕೆ ಬಿಟ್ಟುಬಿಡುವುದು ರೂಢಿಯಾಗಿದೆ. ಈ ರೂಢಿಯು ಒಳ್ಳೆಯದಲ್ಲವೆಂಬುದನ್ನೂ, ಸಾವಧಾನವಾದ ಒಂದು ಸಂದರ್ಶನದಿಂದ ಮನೆಯವರಿಗೂ ಕೆಲಸಕ್ಕೆ ಬರುವಾಕೆಗೂ ಎಷ್ಟು ಪ್ರಯೋಜನವುಂಟೆಂಬುದನ್ನೂ ಇಲ್ಲಿ ವಿವೇಚಿಸೋಣ.

ಆಂಡರ್ಸನ್‌ಪೇಟೆಯ ಪರಿಸ್ಥಿತಿ

ಕೋಲಾರದ ಚಿನ್ನದ ಗಣಿಗಳ ಮಗ್ಗುಲಲ್ಲಿರುವ ಆಂಡರ್ಸನ್‌ಪೇಟೆಯಂತಹ ಊರುಗಳಲ್ಲಿ ಈ ವಿಷಯವು ವಿಶೇಷವಾಗಿ ಆಲೋಚನಾರ್ಹವಾಗಿದೆ. 1880ರಿಂದ ಜಾನ್ ಟೇಲರ್ ಕಂಪನಿಯವರ ಆಡಳಿತದಲ್ಲಿ ಬೆಳೆದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದು, ತರುವಾಯ ಕೇಂದ್ರ ಸರ್ಕಾರಕ್ಕೆ ಸೇರಿ, 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಕೆಲಸವು ಮನೆಯ ಬಳಿಯಲ್ಲಿಯೇ ಇದ್ದಿತು. ಪಾಳಿಯ ಕೂಗು ಕೇಳಿದೊಡನೆ ಗಂಡಸರು ನಡೆದೇ ಹೋಗಿ ನಡೆದೇ ಬರುತ್ತಿದ್ದರು. ಕಾರ್ಮಿಕರ ಸಾಲುಮನೆಗಳಲ್ಲಿ ಗೋಡೆಗೆ ಗೋಡೆ ತಾಗಿಕೊಂಡಿದ್ದುದರಿಂದ, ಒಬ್ಬಳು ತಾಯಿ ನೀರಿಗೆ ಹೋದರೆ ಪಕ್ಕದ ಮನೆಯ ಅಜ್ಜಿಯು ಆಕೆಯ ಕೂಸಿನ ಮೇಲೂ ಒಂದು ಕಣ್ಣಿಟ್ಟಿರುತ್ತಿದ್ದಳು.

ಗಣಿಗಳು ನಿಂತ ಮೇಲೆ ಬದುಕಿನ ದಾರಿಯು ಬೆಂಗಳೂರಿನ ಕಡೆಗೆ ತಿರುಗಿತು. ಮಾರಿಕುಪ್ಪಂ, ಛಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ನಸುಕಿನಲ್ಲಿಯೇ ರೈಲನ್ನು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿಗೆ ಮರಳುವವರು ಸಾವಿರಾರು ಮಂದಿ. ಅವರಲ್ಲಿ ಸ್ತ್ರೀಯರ ಸಂಖ್ಯೆಯೂ ಕಡಮೆಯಲ್ಲ. ಹೋಗುವುದಕ್ಕೆ ಸುಮಾರು ಎರಡು ಗಂಟೆ, ಬರುವುದಕ್ಕೆ ಅಷ್ಟೇ; ನಡುವೆ ಎಂಟು ಒಂಬತ್ತು ಗಂಟೆಗಳ ಕೆಲಸ. ತಂದೆತಾಯಿಗಳಿಬ್ಬರೂ ಹೀಗೆ ಹೊರಟುಹೋದರೆ ಮನೆಯಲ್ಲಿ ಕೂಸಿನ ಗತಿಯೇನು? ಮುದುಕರಿರುವ ಮನೆಗೆ ಚಿಂತೆಯಿಲ್ಲ. ಇಲ್ಲದ ಮನೆಗಳಲ್ಲಿ ಆಯಮ್ಮನೇ ದಿಕ್ಕು.

2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯದ ಶಾಸನವು ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯನ್ನು ಕೊಡಿಸಿತು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದೂ ವಿಧಿಸಿತು. ಇದು ಸ್ತುತ್ಯವಾದುದೇ. ಆದರೆ ಆರು ತಿಂಗಳು ಕಳೆದ ಕೂಸನ್ನು ಕಿಕ್ಕಿರಿದ ರೈಲಿನಲ್ಲಿ ಎತ್ತಿಕೊಂಡು ಬೆಂಗಳೂರಿನ ಕೇಂದ್ರಕ್ಕೆ ದಿನವೂ ಕರೆದೊಯ್ದು ತರುವುದು ಯಾವ ತಾಯಿಗೂ ಸುಲಭವಲ್ಲ. ಆದಕಾರಣ ಮನೆಯಲ್ಲಿಯೇ ನಂಬಿಕೆಯುಳ್ಳ ಒಬ್ಬಾಕೆಯನ್ನು ಗೊತ್ತುಮಾಡಿಕೊಳ್ಳುವುದು ಅನೇಕರಿಗೆ ಅನಿವಾರ್ಯವಾಗಿದೆ.

ಕಾಗದದ ಸಾಕ್ಷ್ಯ

ಆಯಾಗಳನ್ನು ಇಟ್ಟುಕೊಳ್ಳುವ ಪದ್ಧತಿಯು ಈ ಗಣಿಸೀಮೆಗೆ ಹೊಸತಲ್ಲ. ಆಂಗ್ಲ ಅಧಿಕಾರಿಗಳ ಬಂಗಲೆಗಳಲ್ಲಿ ಬಟ್ಲರ್, ಅಡಿಗೆಯವನು, ಮಾಲಿ, ಆಯಾ ಎಂದು ಪರಿವಾರವೇ ಇರುತ್ತಿದ್ದಿತು. ಆ ಕಾಲದಲ್ಲಿ ದೇಶದಾದ್ಯಂತ ಆಂಗ್ಲರ ಮನೆಗಳಲ್ಲಿ ಸೇವಕರು ಕೆಲಸ ಬಿಡುವಾಗ ಯಜಮಾನರಿಂದ ‘ಚೀಟಿ’ ಎಂಬ ಯೋಗ್ಯತಾಪತ್ರವನ್ನು ಬರೆಯಿಸಿಕೊಂಡು, ಮುಂದಿನ ಮನೆಯಲ್ಲಿ ಅದನ್ನು ತೋರಿಸುವುದು ಪದ್ಧತಿಯಾಗಿತ್ತು. ಓದುಬರಹ ಬಾರದ ಸೇವಕನಿಗೆ ತನ್ನ ಚೀಟಿಯಲ್ಲಿ ಹೊಗಳಿಕೆಯಿದೆಯೋ ತೆಗಳಿಕೆಯಿದೆಯೋ ತಿಳಿಯುತ್ತಿರಲಿಲ್ಲ. ಒಬ್ಬನ ಚೀಟಿಯನ್ನು ಇನ್ನೊಬ್ಬನು ಎರವಲು ಪಡೆದು ಅಥವಾ ಹಣಕೊಟ್ಟು ಕೊಂಡು ತೋರಿಸುವುದೂ ನಡೆಯುತ್ತಿತ್ತು. ಚೀಟಿಯೊಂದನ್ನೇ ನಂಬಿದ ಯಜಮಾನಿಯೂ ಮೋಸಹೋಗುತ್ತಿದ್ದಳು. ಕೆಟ್ಟ ಚೀಟಿಯನ್ನು ಅರಿಯದೆ ಹೊತ್ತು ತಿರುಗಿದ ಸೇವಕನೂ ಅನ್ಯಾಯಕ್ಕೆ ಗುರಿಯಾಗುತ್ತಿದ್ದನು.

ಇಂದು ಚೀಟಿಯ ಸ್ಥಾನದಲ್ಲಿ ಆಧಾರ್ ಚೀಟಿಯ ನಕಲೂ, ಪೊಲೀಸ್ ಪರಿಶೀಲನೆಯ ಪತ್ರವೂ, ಏಜೆನ್ಸಿಯವರ ಶಿಫಾರಸೂ ಬಂದಿವೆ. ಇವು ಬೇಡವೆಂದು ಹೇಳತಕ್ಕುದಲ್ಲ. ಬಂದಾಕೆಯ ಹೆಸರೂ ವಿಳಾಸವೂ ನಿಜವೆಂಬುದನ್ನು ಇವುಗಳಿಂದ ತಿಳಿಯಬಹುದು. ಆಕೆಯ ಮೇಲೆ ಮೊಕದ್ದಮೆಯೇನಾದರೂ ಇದ್ದರೆ ಅದೂ ಗೊತ್ತಾಗಬಹುದು. ಆದರೆ ಅಳುವ ಮಗುವನ್ನು ಆಕೆ ಹೇಗೆ ಸಮಾಧಾನಪಡಿಸುವಳು, ಕುದಿಯುವ ಪಾತ್ರೆಯ ಬಳಿ ತೆವಳಿಹೋಗುವ ಕೂಸಿನ ಮೇಲೆ ಅವಳ ಕಣ್ಣು ನಿಲ್ಲುವುದೇ ಎಂಬುದನ್ನು ಯಾವ ಪತ್ರವೂ ಹೇಳಲಾರದು. ಅದನ್ನು ಅರಿಯಲು ಎದುರುಬದುರು ಕುಳಿತು ಮಾತನಾಡಲೇ ಬೇಕು.

ಸಂದರ್ಶನದ ಕ್ರಮ

ಮೊದಲನೆಯದಾಗಿ, ಅವಸರವು ಕೂಡದು. ಹೆರಿಗೆಯ ರಜೆಯು ಮುಗಿಯುವ ವಾರದಲ್ಲಿ ಹುಡುಕಲಾರಂಭಿಸಿದರೆ ಮೊದಲು ಬಂದಾಕೆಯೇ ಕೊನೆಯಾಕೆಯಾಗುವಳು. ಒಂದೆರಡು ತಿಂಗಳು ಮುಂಚಿತವಾಗಿಯೇ ಪ್ರಯತ್ನಿಸಿ, ಸಾಧ್ಯವಾದರೆ ಮೂರು ನಾಲ್ಕು ಮಂದಿಯೊಡನೆ ಮಾತನಾಡತಕ್ಕುದು. ಬಂದಾಕೆಯನ್ನು ಹೊಸ್ತಿಲಲ್ಲಿ ನಿಲ್ಲಿಸದೆ ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಬಹುವಚನದಲ್ಲಿ ಮಾತನಾಡಿಸಬೇಕು. ನಿಂತವಳು ಕೇಳಿದಷ್ಟಕ್ಕೆ ಮಾತ್ರ ಉತ್ತರಿಸುವಳು; ಕುಳಿತವಳು ಮನಸ್ಸಿನಲ್ಲಿದ್ದುದನ್ನು ಹೇಳುವಳು. ತಂದೆತಾಯಿಗಳಿಬ್ಬರೂ ಆ ಹೊತ್ತಿನಲ್ಲಿ ಮನೆಯಲ್ಲಿರುವುದು ಲೇಸು.

ಗಣಿಸೀಮೆಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದುಗಳು ಒಂದೇ ಬೀದಿಯಲ್ಲಿ ಕೇಳಿಬರುವುವು. ಆದುದರಿಂದ ಸಂದರ್ಶನವು ಬಂದಾಕೆಗೆ ಸಲೀಸಾದ ಭಾಷೆಯಲ್ಲಿಯೇ ನಡೆಯಲಿ. ಹರುಕುಮುರುಕು ಕನ್ನಡದಲ್ಲಿ ಉತ್ತರಿಸಿದ ಮಾತ್ರಕ್ಕೆ ಆಕೆಯನ್ನು ದಡ್ಡಳೆಂದು ಎಣಿಸುವುದು ತಪ್ಪು. ಕೂಸು ಆಕೆಯಿಂದ ನಾಲ್ಕು ತಮಿಳು ಮಾತುಗಳನ್ನು ಕಲಿತರೆ ನಷ್ಟವೇನೂ ಇಲ್ಲ. ಆ ಊರಿನಲ್ಲಿ ಬಾಳಲು ಅದು ಅನುಕೂಲವೇ.

ಎರಡನೆಯದಾಗಿ, ‘ಹೌದು’ ‘ಇಲ್ಲ’ ಎಂದು ಉತ್ತರಿಸಬಹುದಾದ ಪ್ರಶ್ನೆಗಳಿಂದ ಏನೂ ತಿಳಿಯುವುದಿಲ್ಲ. “ಮಗುವನ್ನು ಚೆನ್ನಾಗಿ ನೋಡಿಕೊಳ್ಳುವಿರಾ?” ಎಂದರೆ ‘ಇಲ್ಲ’ವೆನ್ನುವವರು ಯಾರು? ಅದರ ಬದಲಾಗಿ ನಡೆದ ಸಂಗತಿಗಳನ್ನೂ ನಡೆಯಬಹುದಾದ ಸಂಗತಿಗಳನ್ನೂ ಕುರಿತು ಕೇಳಬೇಕು. “ನೀವು ಹಿಂದೆ ನೋಡಿಕೊಂಡ ಮಗುವಿಗೆ ಜ್ವರ ಬಂದಾಗ ಏನು ಮಾಡಿದಿರಮ್ಮ?” “ಕೂಸು ಏನನ್ನೋ ನುಂಗಿ ಉಸಿರು ಕಟ್ಟಿದರೆ ಮೊದಲು ಏನು ಮಾಡುವಿರಿ?” “ನಾವಿಲ್ಲದಾಗ ನಮ್ಮ ಬಂಧುವೆಂದು ಹೇಳಿಕೊಂಡು ಯಾರಾದರೂ ಬಾಗಿಲು ತಟ್ಟಿದರೆ?” “ಒಂದು ಗಂಟೆಯ ಹೊತ್ತು ಎಷ್ಟು ಸಮಾಧಾನ ಮಾಡಿದರೂ ಅಳು ನಿಲ್ಲದಿದ್ದರೆ?” ಈ ಬಗೆಯ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಆಕೆಯ ಅನುಭವವೂ ಸ್ವಭಾವವೂ ತಾವಾಗಿಯೇ ಹೊರಬೀಳುವುವು. ಕೊನೆಯ ಪ್ರಶ್ನೆಯು ಮುಖ್ಯವಾದುದು. “ನನಗೂ ಬೇಸರವಾಗುವುದು, ಆಗ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಎರಡು ನಿಮಿಷ ಈಚೆಗೆ ಬಂದು ನಿಲ್ಲುವೆನು, ಇಲ್ಲವೆ ನಿಮಗೆ ಫೋನ್ ಮಾಡುವೆನು” ಎನ್ನುವವಳು, “ನನಗೆ ಎಂದೂ ಕೋಪವೇ ಬಾರದು” ಎನ್ನುವವಳಿಗಿಂತ ನಂಬತಕ್ಕವಳು. ಸಿಟ್ಟಿನ ಭರದಲ್ಲಿ ಎಳೆಯ ಕೂಸನ್ನು ಜೋರಾಗಿ ಅಲುಗಾಡಿಸಿದರೆ ಮೆದುಳಿಗೆ ಏಟಾಗಿ ಪ್ರಾಣಕ್ಕೇ ಅಪಾಯವುಂಟೆಂಬುದನ್ನು ಎಲ್ಲರೂ ಅರಿತಿರಬೇಕು.

ಬಂದವರೆಲ್ಲರಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ, ಉತ್ತರಗಳನ್ನು ಒಂದು ಹಾಳೆಯಲ್ಲಿ ಗುರುತುಮಾಡಿಕೊಳ್ಳುವುದು ಉತ್ತಮ. ಮನಸ್ಸಿಗೆ ತೋಚಿದಂತೆ ಹರಟುವ ಸಂದರ್ಶನಕ್ಕಿಂತ ಮೊದಲೇ ಗೊತ್ತುಪಡಿಸಿದ ಪ್ರಶ್ನೆಗಳ ಸಂದರ್ಶನದಿಂದಲೇ ಯೋಗ್ಯರನ್ನು ಹೆಚ್ಚು ಸರಿಯಾಗಿ ಆರಿಸಬಹುದೆಂದು ಉದ್ಯೋಗಗಳ ಆಯ್ಕೆಯನ್ನು ಅಭ್ಯಸಿಸಿದ ಮನಶ್ಶಾಸ್ತ್ರಜ್ಞರು ಕಂಡುಕೊಂಡಿರುವರು. ಇಲ್ಲವಾದರೆ ನಯವಾಗಿ ಮಾತನಾಡುವವಳು ಗೆಲ್ಲುವಳು. ಕೈಚಳಕವಿದ್ದೂ ಮಾತು ಬಾರದವಳು ಸೋಲುವಳು.

ಮೂರನೆಯದಾಗಿ, ಮದ್ದಿನ ವಿಷಯವನ್ನು ಬಿಚ್ಚಿ ಮಾತನಾಡಬೇಕು. ಕೂಸು ಸುಮ್ಮನೆ ಮಲಗಲೆಂದು ಅಫೀಮಿನ ಚೂರನ್ನು ಹಾಲಿನಲ್ಲಿ ಕೊಡುವ ದುರಭ್ಯಾಸವು ಹಿಂದೆ ನಮ್ಮ ದೇಶದ ಹಲವೆಡೆ ಇದ್ದಿತು. ಇಂದು ಆ ಸ್ಥಾನಕ್ಕೆ ಕೆಮ್ಮಿನ ಸಿರಪ್ಪು ಬರುವ ಭಯವುಂಟು. ಬಜೆ, ಜಾಯಿಕಾಯಿಗಳನ್ನು ತೇಯ್ದು ನೆಕ್ಕಿಸುವ ವಾಡಿಕೆಯು ಹಿರಿಯರಿಂದ ಬಂದುದಾದರೂ, ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನನ್ನೂ ಕೊಡಬಾರದೆಂದೂ, ಒಂದು ವರ್ಷ ತುಂಬುವವರೆಗೆ ಜೇನುತುಪ್ಪವು ಕೂಡದೆಂದೂ ವೈದ್ಯರು ಹೇಳುವರು. ವೈದ್ಯರು ಬರೆದುಕೊಟ್ಟ ಔಷಧಿಯ ಹೊರತು ಬೇರೆ ಯಾವುದನ್ನೂ ಕೊಡಕೂಡದೆಂಬ ಮಾತನ್ನು ಸಂದರ್ಶನದಲ್ಲಿಯೇ ಆಡಿ, ಆಕೆಯ ಅಭಿಪ್ರಾಯವೇನೆಂದು ಕೇಳಬೇಕು. ಮುಂದೆ ಜಗಳವಾಡುವುದಕ್ಕಿಂತ ಇದು ಮೇಲು.

ನಾಲ್ಕನೆಯದಾಗಿ, ಹಿಂದಿನ ಮನೆಯವರನ್ನು ವಿಚಾರಿಸಬೇಕು. ಫೋನಿಗಿಂತ ಸ್ವತಃ ಹೋಗಿ ಕಾಣುವುದು ಲೇಸು. “ಒಳ್ಳೆಯವಳೇ?” ಎಂದು ಕೇಳದೆ, “ಎಷ್ಟು ದಿನ ಇದ್ದರು, ಏಕೆ ಬಿಟ್ಟರು, ಇನ್ನೊಮ್ಮೆ ನಿಮಗೆ ಕೂಸಾದರೆ ಅವರನ್ನೇ ಕರೆಯುವಿರಾ?” ಎಂದು ಕೇಳಿದರೆ ನಿಜಸ್ಥಿತಿಯು ತಿಳಿಯುವುದು. ದೂರು ಕೇಳಿಬಂದರೆ ಒಮ್ಮೆಲೇ ನಂಬದೆ ಆಕೆಯ ಮಾತನ್ನೂ ಕೇಳಬೇಕು. ಬಾಕಿ ಸಂಬಳವನ್ನು ಕೇಳಿದುದೇ ಅಪರಾಧವಾಗಿ ಕೆಟ್ಟ ಹೆಸರು ಹೊತ್ತವರೂ ಲೋಕದಲ್ಲಿದ್ದಾರೆ.

ಕೇಳಲೇಬೇಕಾದುದು, ಕೇಳಬಾರದುದು

ವಯಸ್ಸನ್ನು ತಪ್ಪದೆ ಕೇಳಬೇಕು. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. 2016ರ ತಿದ್ದುಪಡಿಯಿಂದ ಈ ನಿಷೇಧವು ಸಮಸ್ತ ಉದ್ಯೋಗಗಳಿಗೂ ವ್ಯಾಪಿಸಿತು. ಮಗುವನ್ನು ಆಡಿಸಲು ಇನ್ನೊಂದು ಮಗುವನ್ನು ತರುವ ಹಳೆಯ ರೂಢಿಯು ಈಗ ದಂಡನೀಯವಾಗಿದೆ. ಕಾಯಿದೆಯ ಮಾತನ್ನು ಬಿಟ್ಟರೂ, ತಾನೇ ಆಟದ ವಯಸ್ಸಿನಲ್ಲಿರುವ ಬಾಲಿಕೆಯು ಉಸಿರುಕಟ್ಟಿದ ಕೂಸನ್ನು ಉಳಿಸುವಳೆಂದು ನಿರೀಕ್ಷಿಸುವುದು ವಿವೇಕವಲ್ಲ.

ಆರೋಗ್ಯವನ್ನೂ ಕೇಳಬೇಕು. ಎರಡು ವಾರಗಳಿಗೂ ಮೀರಿದ ಕೆಮ್ಮಿದ್ದವರು ಕ್ಷಯದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ವೈದ್ಯಕೀಯ ನಿಯಮ; ಸರ್ಕಾರಿ ಆಸ್ಪತ್ರೆಗಳಲ್ಲಿ ಕಫದ ಪರೀಕ್ಷೆಯೂ ಚಿಕಿತ್ಸೆಯೂ ಉಚಿತವಾಗಿ ದೊರೆಯುವುವು. ಇದನ್ನು ಅವಮಾನಕರವಾಗಿ ಕೇಳದೆ, ಮನೆಯವರು ತಮ್ಮ ಆರೋಗ್ಯದ ವಿಷಯವನ್ನೂ ಆಕೆಗೆ ತಿಳಿಸಬೇಕು. ರೋಗವು ಮನೆಯಿಂದ ಆಯಮ್ಮನಿಗೂ ತಗಲುವುದುಂಟಷ್ಟೆ.

ಜಾತಿಯನ್ನು ಮಾತ್ರ ಕೇಳತಕ್ಕುದಲ್ಲ. ಈ ಗಣಿಗಳ ಆಳದಲ್ಲಿ ದುಡಿದವರಲ್ಲಿ ಬಹುಮಂದಿ, ಅಸ್ಪೃಶ್ಯತೆಯ ನೋವನ್ನುಂಡು ತಮಿಳುಸೀಮೆಯಿಂದ ಬಂದ ಕುಟುಂಬಗಳವರು. ಅವರ ಹೆಣ್ಣುಮಕ್ಕಳು ಇಂದು ಕೆಲಸವನ್ನರಸಿ ಬಂದಾಗ, ಹೆಸರನ್ನೂ ಬೀದಿಯನ್ನೂ ಸುತ್ತಿ ಬಳಸಿ ಕೇಳಿ ಕುಲವನ್ನು ಕಂಡುಹಿಡಿಯಲೆಳಸುವುದೂ, ಕೆಲಸ ಕೊಟ್ಟ ಮೇಲೂ ಬೇರೆ ಲೋಟವನ್ನಿಡುವುದೂ ಇನ್ನೂ ಅಳಿದಿಲ್ಲ. ಕೂಸು ಯಾರ ಎದೆಗೊರಗಿ ನಿದ್ರಿಸುವುದೋ, ಯಾರ ಕೈಯಿಂದ ತುತ್ತನ್ನುಣ್ಣುವುದೋ, ಆಕೆಗೆ ಬೇರೆ ಲೋಟವನ್ನಿಡುವ ಮನೆಯು ತನ್ನ ಕೂಸಿಗೆ ಏನನ್ನು ಕಲಿಸುತ್ತಿದೆಯೆಂದು ಯೋಚಿಸಬೇಕು. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿ, ಅದರ ಆಚರಣೆಯನ್ನು ಅಪರಾಧವೆಂದು ಸಾರಿದೆ.

ಆಕೆಯೂ ಪರೀಕ್ಷಿಸುವಳು

ಸಂತೆಯ ಮಡಕೆಯು ಕೊಳ್ಳುವವರನ್ನು ತಟ್ಟಿ ನೋಡದು. ಕೆಲಸಕ್ಕೆ ಬಂದಾಕೆಯಾದರೋ ಮನೆಯನ್ನೂ ಮನೆಯವರ ಮಾತನ್ನೂ ತಾನೂ ಪರೀಕ್ಷಿಸುತ್ತಿರುವಳು. ಈ ಹಕ್ಕನ್ನು ಆಕೆಗೆ ಬಾಯಿಬಿಟ್ಟು ಕೊಡಬೇಕು. “ನಮ್ಮನ್ನು ಏನಾದರೂ ಕೇಳುವುದಿದೆಯೇನಮ್ಮ?” ಎಂಬ ಒಂದು ಮಾತು ಸಂದರ್ಶನದಲ್ಲಿ ಇರಲೇಬೇಕು.

ಆಂಗ್ಲರ ಕಾಲದ ಆಯಾಗಳಿಗೆ ಈ ಅವಕಾಶವಿಲ್ಲದುದರ ಫಲವನ್ನು ಇತಿಹಾಸವು ತೋರಿಸಿದೆ. ಹಡಗಿನ ಪ್ರಯಾಣದಲ್ಲಿ ಮಕ್ಕಳನ್ನು ನೋಡಿಕೊಳ್ಳಲೆಂದು ಇಂಗ್ಲೆಂಡಿಗೆ ಕರೆದೊಯ್ಯಲ್ಪಟ್ಟ ಎಷ್ಟೋ ಮಂದಿ ಆಯಾಗಳು, ಮರಳುವ ಏರ್ಪಾಡಿಲ್ಲದೆ ಲಂಡನ್ನಿನಲ್ಲಿ ಕೈಬಿಡಲ್ಪಟ್ಟರು. ಅಂಥವರ ಆಶ್ರಯಕ್ಕಾಗಿಯೇ ಅಲ್ಲಿ ‘ಆಯಾಗಳ ಮನೆ’ಯೊಂದು ನಡೆಯುತ್ತಿದ್ದಿತು. 1900ರಲ್ಲಿ ಅದು ಹ್ಯಾಕ್ನಿ ಎಂಬ ಭಾಗದ ಕಿಂಗ್ ಎಡ್ವರ್ಡ್ ರಸ್ತೆಗೆ ಬಂದಿತು. 2022ರಲ್ಲಿ ಆ ಕಟ್ಟಡದ ಮೇಲೆ ಸ್ಮಾರಕ ಫಲಕವನ್ನು ಹಾಕಲಾಯಿತು. ಹಿಂದಿರುಗುವ ಟಿಕೇಟನ್ನು ಯಾರು ಕೊಡುವರೆಂಬ ಮಾತು ಹೊರಡುವ ಮೊದಲೇ ಸ್ಪಷ್ಟವಾಗಿದ್ದರೆ ಆ ಹೆಂಗಸರಲ್ಲಿ ಅನೇಕರಿಗೆ ಪರದೇಶದ ದೈನ್ಯವು ತಪ್ಪುತ್ತಿತ್ತು.

ನಮ್ಮ ಮನೆಗಳಲ್ಲಿ ಹಡಗಿನ ಸ್ಥಾನದಲ್ಲಿ ರೈಲು ಇದೆ. ಬೆಂಗಳೂರಿನಿಂದ ಬರುವ ರೈಲು ಒಂದು ಗಂಟೆ ತಡವಾದರೆ ಆಯಮ್ಮನ ಗತಿಯೇನು? ಆಕೆಗೂ ಮನೆಯಿದೆ, ಅಲ್ಲಿ ಆಕೆಯ ಮಕ್ಕಳೂ ದಾರಿ ನೋಡುತ್ತಿರುವರು. ನಮ್ಮ ಕೂಸನ್ನು ಆಕೆ ನೋಡಿಕೊಳ್ಳುವಾಗ ಆಕೆಯ ಕೂಸನ್ನು ಯಾರು ನೋಡಿಕೊಳ್ಳುವರೆಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಕೇಳಿದರೆ ಆಕೆಯ ಕಷ್ಟವು ತಿಳಿಯುವುದು. ಅದಕ್ಕಿಂತ ಹೆಚ್ಚಾಗಿ, ಯಾವ ದಿನ ಆಕೆಯು ಬರಲಾರದೆ ಹೋಗಬಹುದೆಂಬುದು ಮೊದಲೇ ಗೊತ್ತಾಗಿ, ಅಂದಿಗೆ ಬೇರೆ ಏರ್ಪಾಡನ್ನು ಮಾಡಿಕೊಳ್ಳಬಹುದು. ತಡವಾದ ಗಂಟೆಗೆ ಎಷ್ಟು ಹೆಚ್ಚಿನ ಕೂಲಿ, ಕತ್ತಲಾದರೆ ಮನೆ ಮುಟ್ಟಿಸುವವರಾರು ಎಂಬಿವು ಅಂದೇ ತೀರ್ಮಾನವಾಗಲಿ.

ಕೆಲಸದ ಎಲ್ಲೆಯನ್ನೂ ಗುರುತಿಸಬೇಕು. 1888ರಲ್ಲಿ ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಎಂಬ ಇಬ್ಬರು ಆಂಗ್ಲ ಮಹಿಳೆಯರು ಪ್ರಕಟಿಸಿದ ಗೃಹಕೃತ್ಯದ ಕೈಪಿಡಿಯಲ್ಲಿ ಒಬ್ಬೊಬ್ಬ ಸೇವಕನ ಕರ್ತವ್ಯವನ್ನೂ ಬೇರೆ ಬೇರೆಯಾಗಿ ವಿವರಿಸಿದ್ದರು. ಆ ಕಾಲದ ಒಡೆತನದ ಭಾವನೆಯು ನಮಗೆ ಬೇಡ; ಆದರೆ ಕೆಲಸವನ್ನು ಸ್ಪಷ್ಟವಾಗಿ ಹೇಳುವ ಕ್ರಮವು ಒಳ್ಳೆಯದು. ಮಗುವನ್ನು ನೋಡಿಕೊಳ್ಳಲೆಂದು ಕರೆದು, ಒಂದು ವಾರದಲ್ಲಿ ಪಾತ್ರೆ, ಮರುವಾರದಲ್ಲಿ ಬಟ್ಟೆ, ಆಮೇಲೆ ಅಡಿಗೆ ಎಂದು ಹೊರೆಯನ್ನು ಹೇರುತ್ತ ಹೋದರೆ ಕೂಸಿನ ಮೇಲಿನ ಕಣ್ಣು ತಪ್ಪುವುದು ಸಹಜ.

ಸಂಬಳದ ವಿಷಯದಲ್ಲಿ ಕರ್ನಾಟಕವು 2004ರಲ್ಲಿಯೇ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿ, ಈ ದಾರಿಯಲ್ಲಿ ಮೊದಮೊದಲು ಹೆಜ್ಜೆಯಿಟ್ಟ ರಾಜ್ಯಗಳ ಸಾಲಿಗೆ ಸೇರಿತು. ಚಾಲ್ತಿಯಲ್ಲಿರುವ ದರವನ್ನು ಕಾರ್ಮಿಕ ಇಲಾಖೆಯವರಲ್ಲಿ ವಿಚಾರಿಸಿ, ಅದಕ್ಕೆ ಕಡಮೆಯಾಗದಂತೆ ಸಂಬಳವನ್ನು ನಿಶ್ಚಯಿಸಬೇಕು. ವಾರದ ರಜೆ, ಊಟ, ಕಾಯಿಲೆಯ ದಿನಗಳು, ಆಕೆಯ ಹಬ್ಬ ಇವೆಲ್ಲವೂ ಮಾತಿಗೆ ಬರಲಿ. ಆಕೆ ಕ್ರೈಸ್ತಳಾದರೆ ಕ್ರಿಸ್‌ಮಸ್ಸಿಗೂ, ತಮಿಳರಾದರೆ ಪೊಂಗಲಿಗೂ, ಮುಸಲ್ಮಾನಳಾದರೆ ರಂಜಾನಿಗೂ ರಜೆ ಬೇಕಾಗುವುದು. ಮನೆಯಲ್ಲಿ ಕ್ಯಾಮರಾ ಇದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯು ಮನೆಗೆಲಸದ ಹೆಂಗಸರಿಗೂ ರಕ್ಷಣೆಯನ್ನು ಕೊಟ್ಟಿದೆಯೆಂಬುದು ಮನೆಯ ಗಂಡಸರಿಗೂ ತಿಳಿದಿರಲಿ. ಒಪ್ಪಿದುದೆಲ್ಲವನ್ನೂ ಎರಡು ಹಾಳೆಗಳಲ್ಲಿ ಬರೆದು, ಆಕೆಗೆ ಓದಿಹೇಳಿ, ಒಂದನ್ನು ಆಕೆಯ ಕೈಗೆ ಕೊಡುವುದು ಲೇಸು. ಹಿಂದಿನ ಚೀಟಿಯಂತೆ ಆಕೆಗೆ ಅರ್ಥವಾಗದ ಕಾಗದವಾಗಿ ಅದು ಉಳಿಯಬಾರದು.

ಪರೀಕ್ಷಾರ್ಥದ ವಾರ

ಎಷ್ಟೇ ಚೆನ್ನಾಗಿ ನಡೆದರೂ ಒಂದು ಗಂಟೆಯ ಸಂದರ್ಶನದಿಂದ ಮನುಷ್ಯರ ಅಂತರಂಗವೆಲ್ಲವೂ ತಿಳಿಯದು. ಆದಕಾರಣ ತಾಯಿಯು ರಜೆಯಲ್ಲಿರುವಾಗಲೇ ಒಂದು ವಾರ, ಪೂರ್ಣ ಸಂಬಳವನ್ನು ಕೊಟ್ಟು, ಆಕೆಯನ್ನು ಕರೆಸಿಕೊಳ್ಳಬೇಕು. ಮೊದಲ ಎರಡು ದಿನ ಜೊತೆಯಲ್ಲಿದ್ದು, ಮೂರನೆಯ ದಿನ ಪಕ್ಕದ ಕೋಣೆಯಲ್ಲಿದ್ದು, ಕ್ರಮೇಣ ಒಂದೆರಡು ಗಂಟೆ ಹೊರಗೆ ಹೋಗಿಬರಬೇಕು. ಕೈತೊಳೆದು ಉಣಿಸುವಳೇ, ಕೂಸಿನೊಡನೆ ಮಾತನಾಡುವಳೇ, ಮೊಬೈಲಿನಲ್ಲಿ ಮುಳುಗಿರುವಳೇ ಎಂಬುದು ಆಗ ಕಾಣುವುದು. ಕೂಸು ಆರಂಭದಲ್ಲಿ ಅತ್ತರೆ ಆಕೆಯ ದೋಷವೆಂದು ತಿಳಿಯಬಾರದು. ಹೊಸಮುಖಕ್ಕೆ ಅಳುವುದು ಆ ವಯಸ್ಸಿನ ಧರ್ಮ. ದಿನಗಳು ಕಳೆದಂತೆ ಆಕೆಯ ಧ್ವನಿಗೆ ತಿರುಗಿ ನಕ್ಕರೆ ಸಂತೋಷಪಡಬಹುದು. ಹತ್ತಿರ ಬಂದೊಡನೆ ಬೆದರಿ ಮುದುಡಿಕೊಂಡರೆ ವಿಚಾರಿಸಬೇಕು.

ಈ ವಾರದಲ್ಲಿಯೇ ಪ್ರಥಮ ಚಿಕಿತ್ಸೆಯನ್ನು ಇಬ್ಬರೂ ಕೂಡಿ ಕಲಿಯುವುದು ಒಳ್ಳೆಯದು. ಒಂದು ವರ್ಷದೊಳಗಿನ ಕೂಸಿಗೆ ಏನಾದರೂ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿದರೆ, ತಲೆ ಕೆಳಗಾಗುವಂತೆ ಮುಂಗೈಯ ಮೇಲೆ ಬೋರಲಾಗಿ ಮಲಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ತಟ್ಟಬೇಕು. ಬಾರದಿದ್ದರೆ ಮಗುಚಿ ಮಲಗಿಸಿ, ಎದೆಯ ಮಧ್ಯದಲ್ಲಿ ಐದು ಸಲ ಒತ್ತಬೇಕು. ವಸ್ತುವು ಹೊರಬರುವವರೆಗೆ ಇವೆರಡನ್ನೂ ಒಂದಾದಮೇಲೊಂದಾಗಿ ನಡಸಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು. ಇದನ್ನು ದಾದಿಯರಿಂದಾಗಲಿ ವೈದ್ಯರಿಂದಾಗಲಿ ಕಣ್ಣಾರೆ ನೋಡಿ ಕಲಿತರೆ ಕ್ಷೇಮ. 108 ಎಂಬ ಆಂಬುಲೆನ್ಸಿನ ಸಂಖ್ಯೆ, 112 ಎಂಬ ತುರ್ತು ಸಹಾಯದ ಸಂಖ್ಯೆ, ತಂದೆತಾಯಿಗಳ ಫೋನ್ ಸಂಖ್ಯೆ, ಬೀದಿಯಲ್ಲಿಯೇ ಇರುವ ಒಬ್ಬ ನೆರೆಯವರ ಸಂಖ್ಯೆ, ಇಷ್ಟನ್ನು ದಪ್ಪಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ತಂದೆತಾಯಿಗಳು ನೂರು ಕಿಲೋಮೀಟರ್ ದೂರದಲ್ಲಿರುವಾಗ ಮೊದಲು ಓಡಿಬರುವವರು ನೆರೆಯವರೇ. ಆದುದರಿಂದ ಆಯಮ್ಮನನ್ನು ನೆರೆಮನೆಗೆ ಕರೆದೊಯ್ದು ಪರಿಚಯ ಮಾಡಿಸುವುದನ್ನು ಮರೆಯಬಾರದು.

ಇಷ್ಟೆಲ್ಲ ಶ್ರಮವೇಕೆಂದು ಕೆಲವರಿಗೆ ತೋರಬಹುದು. ನಾಲ್ಕು ಸಂದರ್ಶನಗಳಿಗೆ ನಾಲ್ಕು ಸಂಜೆಗಳು, ಹಿಂದಿನ ಮನೆಗೊಂದು ಭಾನುವಾರ, ಪರೀಕ್ಷೆಗೊಂದು ವಾರ; ಒಟ್ಟಿನಲ್ಲಿ ಹನ್ನೆರಡು ದಿನಗಳ ಮಾತು. ಅದರ ಫಲವಾಗಿ ಎರಡು ಮೂರು ವರ್ಷಗಳ ಕಾಲ, ನಸುಕಿನಲ್ಲಿ ರೈಲನ್ನು ಹತ್ತುವ ತಾಯಿಯು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಹುದು; ಇತ್ತ ಆಯಮ್ಮನೂ ತನ್ನ ಸಂಬಳ, ರಜೆ, ಮಾನಗಳ ವಿಷಯದಲ್ಲಿ ಸಂಶಯವಿಲ್ಲದೆ ಕೂಸನ್ನು ಎತ್ತಿಕೊಳ್ಳಬಹುದು. ಶೀಘ್ರದಲ್ಲಿಯೇ ಆಯಮ್ಮನನ್ನು ಗೊತ್ತುಮಾಡಬೇಕಾಗಿರುವ ಗೃಹಸ್ಥರು, ಇಂದಿನ ರಾತ್ರಿಯೇ ಪತಿಪತ್ನಿಯರು ಕೂಡಿ ಕುಳಿತು, ತಾವು ಕೇಳಬೇಕಾದ ಹತ್ತು ಪ್ರಶ್ನೆಗಳನ್ನೂ ಆಕೆಯು ತಮ್ಮನ್ನು ಕೇಳಬಹುದಾದ ಹತ್ತು ಪ್ರಶ್ನೆಗಳಿಗೆ ತಮ್ಮ ಉತ್ತರಗಳನ್ನೂ ಬರೆದಿಟ್ಟುಕೊಂಡರೆ, ಅರ್ಧ ಕೆಲಸವು ಮುಗಿದಂತೆಯೇ ಸರಿ.